ಸಂಪಾದಕರ ಉತ್ತರ: ಟಿಕ್ ಹಾಕೋಕೆ ಆಗದ ಜಾಗ

ಓದುಗರ ಪತ್ರ: "‘ಗುಡ್ ಓಮೆನ್ಸ್’ ನನ್ನ ಮೆಚ್ಚಿನ ಕಾದಂಬರಿ. ಸೀರೀಸ್ ಕೊನೆಗೂ ನೋಡಿದೆ. ಡೈಲಾಗ್ ಸಮೇತ ಪುಸ್ತಕದಲ್ಲಿ ಇದ್ದ ಹಾಗೇ ತೆಗೆದಿದ್ದಾರೆ, ದೂರೋಕೆ ಏನೂ ಇಲ್ಲ. ಆದ್ರೂ ಓದ್ತಾ ಬಿದ್ದು ಬಿದ್ದು ನಕ್ಕಿದ್ದ ಜಾಗದಲ್ಲೆಲ್ಲ ಸುಮ್ನೆ ತಲೆ ಆಡಿಸ್ತಾ ಕೂತಿದ್ದೆ. ತಪ್ಪು ನನ್ನದಾ?"

ತಪ್ಪು ನಿಮ್ಮದಲ್ಲ ಸ್ವಾಮಿ. ಇಂಥ ಪತ್ರ ಯಾರಾದ್ರೂ ಬರೀಲಿ ಅಂತ ವರ್ಷಗಟ್ಟಲೆ ಕಾಯ್ತಾ ಇದ್ದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಸೀರೀಸಿಗೆ ಸಲ್ಲಬೇಕಾದ್ದು ಸಲ್ಲಿಸಿಬಿಡೋಣ. ಪುಸ್ತಕ 1990ರದ್ದು, ಟೆರ್ರಿ ಪ್ರ್ಯಾಚೆಟ್, ನೀಲ್ ಗೇಮನ್ ಇಬ್ರೂ ಸೇರಿ ಬರೆದದ್ದು, ಪ್ರಳಯ ತಪ್ಪಿಸೋಕೆ ಒಂದಾಗೋ ಒಬ್ಬ ದೇವದೂತ, ಒಬ್ಬ ನರಕದೂತ, ಇಬ್ಬರು ಗೆಳೆಯರ ತಮಾಷೆ ಕತೆ. ಪ್ರ್ಯಾಚೆಟ್ 2015ರಲ್ಲಿ ತೀರಿಕೊಂಡ್ರು, ಅವರ ಆಸೆ ಅಂತ ಗೇಮನ್ ತಾವೇ ಕೂತು ಮೊದಲ ಸೀಸನ್ನಿನ ಆರೂ ಎಪಿಸೋಡ್ ಬರೆದ್ರು, 2019ರಲ್ಲಿ ಬಂತು. ದೇವದೂತನ ಪುಸ್ತಕದಂಗಡೀಲಿ ಪ್ರ್ಯಾಚೆಟ್ ಅವರ ಹ್ಯಾಟು ಇಟ್ಟಿದ್ದಾರೆ. ದೇವದೂತನಾಗಿ ಮೈಕಲ್ ಶೀನ್, ನರಕದೂತನಾಗಿ ಡೇವಿಡ್ ಟೆನೆಂಟ್, ಇಬ್ರನ್ನ ನೋಡಿದ್ಮೇಲೆ ಆ ಪಾತ್ರಗಳಿಗೆ ಬೇರೆ ಮುಖ ಕಲ್ಪಿಸ್ಕೊಳ್ಳೋಕೆ ಆಗಲ್ಲ. ಒಪ್ಪಿದೆ. ಆಯ್ತಾ?

ಈಗ ಅಸಲು ವಿಷಯ. ನಾನು ಅದನ್ನ ನೋಡಿದ್ದು ಪುಸ್ತಕ ತೊಡೆ ಮೇಲಿಟ್ಕೊಂಡು, ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಪೆನ್ಸಿಲ್ಲು, ಇದೆ, ಇದೂ ಇದೆ ಅಂತ ಟಿಕ್ ಹಾಕ್ತಾ. ಪುಟದ ತುಂಬಾ ಟಿಕ್ಕು ಬಿತ್ತು, ತಳದಲ್ಲಿ ಸಣ್ಣಕ್ಷರದ ಅಡಿಟಿಪ್ಪಣಿಗಳ ಹತ್ರ ಮಾತ್ರ ಬಲು ಕಮ್ಮಿ. ಹಳೇ ಇಂಗ್ಲಿಷ್ ದುಡ್ಡಿನ ಟಿಪ್ಪಣಿ ಜ್ಞಾಪಿಸ್ಕೊಳ್ಳಿ. 12 ಪೆನ್ನಿ ಸೇರಿದ್ರೆ 1 ಶಿಲಿಂಗು, 20 ಶಿಲಿಂಗಿಗೆ 1 ಪೌಂಡು, ಜೊತೆಗೆ ಫಾರ್ದಿಂಗು ಫ್ಲಾರಿನ್ನು ಅಂತ ಇನ್ನೊಂದಷ್ಟು ನಾಣ್ಯ, ಇದೆಲ್ಲ ಸಾವಧಾನವಾಗಿ ವಿವರಿಸಿ, ದಶಮಾಂಶ ಪದ್ಧತಿ ಬೇಡ ಅಂತ ಬ್ರಿಟಿಷರು ಬಹಳ ಕಾಲ ಹಠ ಹಿಡಿದಿದ್ರು, ಅದು ತೀರಾ ಗೋಜಲು ಅನ್ನಿಸ್ತಂತೆ, ಅಂತ ಮುಗಿಸ್ತಾರೆ (ಬದಲಾಯಿಸಿದ್ದು 1971ರಲ್ಲಿ). ಇದನ್ನ ಯಾವ ನಟ ಅಭಿನಯಿಸ್ತಾನೆ ಹೇಳಿ? ಪಾತ್ರ ಇಲ್ಲ, ಘಟನೆ ಇಲ್ಲ, ಕತೆ ಒಂದಿಂಚು ಮುಂದಕ್ಕೆ ಹೋಗಲ್ಲ. ಮುಖ ಬಿಗಿದುಕೊಂಡು ಮೇಷ್ಟ್ರ ಥರ ಪಾಠ ಹೇಳೋ ಒಂದು ದನಿ ಇದೆ ಅಷ್ಟೇ, ನಗು ಇರೋದು ಅದರಲ್ಲಿ.

ಕ್ಯಾಸೆಟ್ ವಿಷಯಾನೂ ಅಷ್ಟೇ. ಕಾರಲ್ಲಿ ಹದಿನೈದು ದಿನ ಬಿಟ್ಟ ಕ್ಯಾಸೆಟ್ಟೆಲ್ಲ ಕ್ವೀನ್ ಬ್ಯಾಂಡಿನ ಹಾಡಾಗಿಬಿಡುತ್ತೆ ಅನ್ನೋದನ್ನ ಪುಸ್ತಕ ಏನೋ ಪ್ರಕೃತಿನಿಯಮ ಅನ್ನೋ ಹಾಗೆ ಹೇಳಿ ಮುಂದೆ ಹೋಗುತ್ತೆ. ತೆರೆ ಮೇಲೆ ಕ್ವೀನ್ ಹಾಡು ಕೇಳಿಸುತ್ತೆ. ಒಳ್ಳೇ ಹಾಡೇ, ಆದ್ರೆ ಹಾಡು ಕೇಳಿ ಯಾರು ನಗ್ತಾರೆ?

ಮಾಡಿದವರಿಗೂ ಇದು ಗೊತ್ತಿತ್ತು ಅನ್ಸುತ್ತೆ, ಅದಕ್ಕೇ ನಿರೂಪಣೇನ ದೇವರಿಗೆ ಕೊಟ್ಟು ನಟಿ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಬಾಯಲ್ಲಿ ಹೇಳಿಸಿದ್ರು. ಅಲ್ಲೇ ಎಡವಿದ್ದು ಅಂತ ನನ್ನ ವಾದ. ಪುಸ್ತಕದ ದನಿ ಎಲ್ಲದಕ್ಕೂ ಮೂಗು ತೂರಿಸೋ ಮನುಷ್ಯನದ್ದು, ಅದೇ ಮಾತನ್ನ ಎಲ್ಲಾ ಬಲ್ಲ ದೇವರು ಆಡಿದ್ರೆ ಜೋಕು ಪ್ರವಚನ ಆಗಿಬಿಡುತ್ತೆ.

ನಾನು ಜೋರಾಗಿ ನಕ್ಕಿದ್ದು ಎಲ್ಲಿ ಗೊತ್ತಾ, ಪುಸ್ತಕದಲ್ಲಿ ಇಲ್ಲದೇ ಇರೋ ಜಾಗದಲ್ಲಿ! ಮೂರನೇ ಎಪಿಸೋಡಲ್ಲಿ ಟೈಟಲ್ ಬರೋಕೆ ಮುಂಚೆ ಹೆಚ್ಚುಕಮ್ಮಿ ಅರ್ಧ ಗಂಟೆ ಆ ಇಬ್ಬರ ಸ್ನೇಹದ ಇತಿಹಾಸ ಇದೆ. 1941ರ ಲಂಡನ್, ಗೆಳೆಯನ್ನ ಉಳಿಸೋಕೆ ನರಕದ ಕಡೆಯೋನು ಚರ್ಚೊಳಗೆ ಬರ್ತಾನೆ, ಪವಿತ್ರ ನೆಲ ಅಂಗಾಲು ಸುಡ್ತಿದೆ, ಕಾದ ಮರಳಿನ ಮೇಲೆ ಬರಿಗಾಲಲ್ಲಿ ನಡೆಯೋರ ಥರ ಒಂದೊಂದೇ ಕಾಲೆತ್ತಿ ಕುಣೀತಾ ಬರ್ತಾನೆ, ಮುಖದಲ್ಲಿ ಮಾತ್ರ ಗತ್ತು ಇಳಿದಿಲ್ಲ. ಪುಸ್ತಕದ ಆ ಬಿಗಿಮುಖ ಕೊನೆಗೂ ಕಾಣಿಸಿದ್ದು ಅಲ್ಲಿ.

ಪುಸ್ತಕದ ನಗು ತೆರೆಗೆ ಬರಬೇಕಂದ್ರೆ ರೂಪ ಬದಲಾಗ್ಬೇಕು ಅನ್ನೋದನ್ನ ಅಮೆರಿಕದ ಲೇಖಕ ವಿಲಿಯಂ ಗೋಲ್ಡ್‌ಮನ್ ಎಷ್ಟೋ ಹಿಂದೇನೇ ಕಂಡ್ಕೊಂಡಿದ್ರು. 1973ರ ‘ದಿ ಪ್ರಿನ್ಸೆಸ್ ಬ್ರೈಡ್’ ಕಾದಂಬರೀಲಿ ಬೇರೆ ಯಾರದ್ದೋ ದೊಡ್ಡ ಪುಸ್ತಕಾನ ತಾನು ಕತ್ತರಿಸಿ ಕೊಡ್ತಿದೀನಿ ಅಂತ ನಾಟಕ ಆಡ್ತಾ ಮಧ್ಯೆ ಮಧ್ಯೆ ಬಾಯಿ ಹಾಕ್ತಾರೆ. 1987ರ ಸಿನಿಮಾಗೆ ಚಿತ್ರಕತೆಯೂ ಅವರದ್ದೇ, ಆದ್ರೆ ಆ ನಾಟಕ ಕಿತ್ತುಹಾಕಿ, ಕಾಯಿಲೆ ಮಲಗಿದ ಮೊಮ್ಮಗನಿಗೆ ತಾತ ಕತೆ ಓದೋ ಹಾಗೆ ಮಾಡಿದ್ರು, ಮುತ್ತಿನ ಸೀನ್ ಬಂದ್ರೆ ಹುಡುಗ ಮುಖ ಸಿಂಡರಿಸ್ತಾನೆ. ಬಾಯಿ ಹಾಕೋದು ಉಳೀತು, ಹಾಕೋರು ಬದಲಾದ್ರು.

ಈಗಿನ ಅಭಿಮಾನಿಗಳಿಗೆ ಇದು ಹೇಳಿ ನೋಡಿ! ಎಲ್ರೂ ಆಡಿಟರುಗಳು, ಆ ಸೀನ್ ಬಿಟ್ರು, ಕೂದಲ ಬಣ್ಣ ಬೇರೆ ಅಂತ ಲೆಕ್ಕ. ನಿಮ್ಮ "ದೂರೋಕೆ ಏನೂ ಇಲ್ಲ" ಅನ್ನೋದೂ ಅದೇ ಚಟ, ಬೇಜಾರ್ ಮಾಡ್ಕೋಬೇಡಿ. ಇನ್ನೊಂದು ತುದೀಲಿ 20 ಸಾವಿರ ಜನ ಈ ಸೀರೀಸ್ ನಿಲ್ಲಿಸಿ ಅಂತ ನೆಟ್‌ಫ್ಲಿಕ್ಸಿಗೆ ಮನವಿ ಕೊಟ್ರು, ಅದು ಬರ್ತಿದ್ದದ್ದು ಅಮೆಜಾನಲ್ಲಿ! ಸಾಹಿತ್ಯದವರೇನು ಕಮ್ಮೀನಾ, ನಮಗೆ ಬರೋ ಅನುವಾದಗಳಲ್ಲಿ ಮೊದಲ ಕತ್ತರಿ ಬೀಳೋದೇ ಅಡಿಟಿಪ್ಪಣಿಗೆ, ಒಬ್ರಂತೂ "ಕತೆಗೆ ಅಗತ್ಯವಿಲ್ಲ" ಅಂತ ಷರಾ ಬೇರೆ ಬರೆದಿದ್ರು, ಆ ಹಾಳೆ ಇನ್ನೂ ನನ್ನ ಡ್ರಾಯರಲ್ಲಿದೆ.

ಅಂದ ಹಾಗೆ, ನಿಮ್ಮ ತಾ.ಕ. ಅಚ್ಚು ಹಾಕಬೇಡಿ ಅಂದಿದ್ರಿ, ಹಾಕಿಲ್ಲ. ಆದ್ರೆ ಇಡೀ ಪತ್ರದಲ್ಲಿ ನಾನು ನಕ್ಕಿದ್ದು ಅಲ್ಲೇ.