ಆಫ್‌ಸೆಟ್ಟೋ, ಡಿಜಿಟಲ್ಲೋ? ಮುದ್ರಣದ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಡೆಮಿ 1/8 ಆಕಾರದಲ್ಲಿ 160 ಪುಟಗಳ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಅದರಲ್ಲಿ 16 ಪುಟಗಳು ಮಾತ್ರ ಬಣ್ಣದವು. ಎರಡೂ ಬಗೆಯ ಯಂತ್ರಗಳಿರುವ ಮುದ್ರಣಾಲಯವೊಂದು, 200 ಪ್ರತಿಗಳಾದರೆ ಎಲ್ಲವೂ ಡಿಜಿಟಲ್, 400 ಆದರೆ ಅರ್ಧ ಆಫ್‌ಸೆಟ್ ಅರ್ಧ ಡಿಜಿಟಲ್, 1,000 ಆದರೆ ಪೂರ್ತಿ ಆಫ್‌ಸೆಟ್ ಎಂದು ಮೂರು ದರಪಟ್ಟಿ ಕೊಟ್ಟಿದೆ. ಒಂದೇ ಪುಸ್ತಕಕ್ಕೆ ಎರಡು ಯಂತ್ರ ಏಕೆ? ಡಿಜಿಟಲ್ ಎಂದರೆ ಗುಣಮಟ್ಟ ಕಡಿಮೆಯೇ? (ಓದುಗರೊಬ್ಬರು, ಶಿರಸಿ)

ಉತ್ತರ: ನಿಮಗೆ ಸಿಕ್ಕಿರುವುದು ಸರಿಯಾದ ದರಪಟ್ಟಿ, ಅನುಮಾನ ಬೇಡ. ಆಫ್‌ಸೆಟ್‌ನಲ್ಲಿ ಹಣದ ದೊಡ್ಡ ಪಾಲು ಮೊದಲ ಹಾಳೆ ಹೊರಬರುವ ಮುನ್ನವೇ ಖರ್ಚಾಗಿರುತ್ತದೆ. 18×23 ಅಂಗುಲದ ಹಾಳೆಯ ಒಂದೊಂದು ಬದಿಯಲ್ಲಿ ನಿಮ್ಮ ಪುಸ್ತಕದ 8 ಪುಟಗಳು ಕೂರುತ್ತವೆ. ಎರಡೂ ಬದಿ ಸೇರಿ 16 ಪುಟಗಳ ಒಂದು ಫಾರಂ. ಕಪ್ಪು–ಬಿಳುಪಿನ 144 ಪುಟಗಳಿಗೆ 9 ಫಾರಂ, ಅಂದರೆ ಬದಿಗೊಂದರಂತೆ 18 ಪ್ಲೇಟು (ಪುಟಗಳ ಅಚ್ಚು ಮೂಡಿಸಿದ ಲೋಹದ ತಗಡು). ಬಣ್ಣದ ಒಂದೇ ಫಾರಮಿಗೆ, ಬದಿಗೆ ನಾಲ್ಕು ಬಣ್ಣಗಳಂತೆ, 8 ಪ್ಲೇಟು. ಮುಖಪುಟಕ್ಕೆ 4. ಹೀಗೆ ಒಟ್ಟು 30 ಅಲ್ಯೂಮಿನಿಯಂ ಪ್ಲೇಟುಗಳು ಬೇಕು. ಪ್ರತಿ ಸಲ ಪ್ಲೇಟು ಏರಿಸಿ, ಬಣ್ಣದ ಮೇಲೆ ಬಣ್ಣ ಕೂರುವಂತೆ ರಿಜಿಸ್ಟ್ರೇಷನ್ ಹೊಂದಿಸಿ, ಶಾಯಿ–ನೀರಿನ ಹದ ತರುವಷ್ಟರಲ್ಲಿ ಒಂದಷ್ಟು ಹಾಳೆಗಳು ವೇಸ್ಟೇಜಿಗೆ ಹೋಗುತ್ತವೆ. ಈ ಖರ್ಚು 200 ಪ್ರತಿಗೂ ಅಷ್ಟೇ, 2,000 ಪ್ರತಿಗೂ ಅಷ್ಟೇ. ಡಿಜಿಟಲ್‌ನಲ್ಲಿ ಪ್ಲೇಟಿನ ಮಾತೇ ಇಲ್ಲ. ಮೊದಲ ಹಾಳೆಗೂ ಕೊನೆಯ ಹಾಳೆಗೂ ಹೆಚ್ಚುಕಡಿಮೆ ಒಂದೇ ಬೆಲೆ, ಆದ್ದರಿಂದ ಪ್ರತಿಗಳು ಹೆಚ್ಚಿದಂತೆ ಪುಸ್ತಕದ ಬೆಲೆ ಅಷ್ಟಾಗಿ ಇಳಿಯುವುದಿಲ್ಲ.

400ರ ದರಪಟ್ಟಿ ಏಕೆ ಹಾಗಿದೆ ಎಂಬುದು ಈಗ ಸ್ಪಷ್ಟವಾದೀತು. 30ರಲ್ಲಿ 12 ಪ್ಲೇಟುಗಳು ಬರೀ 16 ಪುಟಗಳಿಗೆ ಮತ್ತು ಮುಖಪುಟಕ್ಕೆ ಹೋಗುತ್ತಿವೆ. ಆ ಭಾಗವನ್ನು ಡಿಜಿಟಲ್‌ಗೆ ಕೊಟ್ಟು, ಒಂದೇ ಬಣ್ಣದ 9 ಫಾರಮುಗಳನ್ನು ಆಫ್‌ಸೆಟ್‌ನಲ್ಲಿ ಓಡಿಸಿದರೆ ಉಳಿತಾಯವಾಗುತ್ತದೆ. ಎರಡೂ ಯಂತ್ರಗಳು ಒಂದೇ ಸೂರಿನಡಿ ಇರುವ ಮುದ್ರಣಾಲಯದ ನಿಜವಾದ ಪ್ರಯೋಜನ ಇದೇ. ಒಂದೇ ಯಂತ್ರವಿರುವವರು ಬಂದ ಕೆಲಸವನ್ನೆಲ್ಲ ಆ ಯಂತ್ರಕ್ಕೇ ಹೊಂದಿಸಬೇಕಾಗುತ್ತದೆ.

ಇನ್ನು ಗುಣಮಟ್ಟದ ವಿಚಾರ. ಆಫ್‌ಸೆಟ್‌ನ ತತ್ತ್ವ ಹಳೆಯದು: ಎಣ್ಣೆಯಂಶದ ಶಾಯಿಯೂ ನೀರೂ ಬೆರೆಯುವುದಿಲ್ಲ. 1796ರ ಸುಮಾರಿಗೆ ಜರ್ಮನಿಯಲ್ಲಿ ಆಲೋಯಿಸ್ ಸೆನೆಫೆಲ್ಡರ್ ಇದೇ ತತ್ತ್ವದಿಂದ ಕಲ್ಲಚ್ಚನ್ನು ರೂಪಿಸಿದರು; 1843ರಲ್ಲಿ ಬಾಸೆಲ್ ಮಿಷನ್ನಿನ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಕಲ್ಲಿನ ಜಾಗಕ್ಕೆ ಲೋಹದ ಪ್ಲೇಟು ಬಂತು. ಪ್ಲೇಟಿನಿಂದ ರಬ್ಬರ್ ಬ್ಲ್ಯಾಂಕೆಟ್ಟಿಗೆ, ಅಲ್ಲಿಂದ ಕಾಗದಕ್ಕೆ ಚಿತ್ರ ದಾಟುವುದೇ ಆಫ್‌ಸೆಟ್. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಒಂದು ಛಾಯಾಚಿತ್ರ ನೋಡಿ: ನಾಲ್ಕು ಬಣ್ಣದ ಚುಕ್ಕೆಗಳು ಚಿಕ್ಕ ಹೂವಿನ ಎಸಳುಗಳಂತೆ ಸುತ್ತುಗಟ್ಟಿರುತ್ತವೆ. ಈಗಿನ ಒಳ್ಳೆಯ ಡಿಜಿಟಲ್ ಯಂತ್ರದ ಛಾಯಾಚಿತ್ರ ಇದಕ್ಕೆ ಕಡಿಮೆಯೇನಲ್ಲ. ವ್ಯತ್ಯಾಸವಿರುವುದು ಬೇರೆಡೆ. ಆಫ್‌ಸೆಟ್ ಶಾಯಿ ಕಾಗದದೊಳಗೆ ಸ್ವಲ್ಪ ಇಳಿಯುತ್ತದೆ. ಡಿಜಿಟಲ್ ಯಂತ್ರದ ಪುಡಿಶಾಯಿ, ಅಂದರೆ ಟೋನರ್, ಕರಗಿ ಕಾಗದದ ಮೇಲೆ ಪದರವಾಗಿ ಕೂರುತ್ತದೆ. ಹೀಗಾಗಿ ಗಾಢ ಬಣ್ಣದ ಮುಖಪುಟವನ್ನು ಹಾಗೆಯೇ ಮಡಿಸಿದರೆ ಬೆನ್ನಿನ ಗೆರೆಯಲ್ಲಿ ಟೋನರ್ ಒಡೆದು ಬಿಳಿ ಕಾಗದ ಇಣುಕುತ್ತದೆ. ಲ್ಯಾಮಿನೇಷನ್ ಮಾಡಿ, ಕ್ರೀಸಿಂಗ್ (ಮಡಿಕೆಯ ಜಾಗದಲ್ಲಿ ಒತ್ತಿದ ಗೆರೆ) ಹಾಕಿ, ಆಮೇಲೆ ಮಡಿಸಿ ಎಂದು ಆರ್ಡರಿನಲ್ಲೇ ಬರೆಸಿಬಿಡಿ.

ಒಂದು ಎಚ್ಚರಿಕೆ: ಬಿಡುಗಡೆಗೆಂದು 100 ಪ್ರತಿಗಳನ್ನು ಡಿಜಿಟಲ್‌ನಲ್ಲಿ ತಂದು, ಉಳಿದವನ್ನು ಆಮೇಲೆ ಆಫ್‌ಸೆಟ್‌ನಲ್ಲಿ ಮಾಡಿಸಿದರೆ ಎರಡು ಮುಖಪುಟಗಳ ಬಣ್ಣ ತದ್ವತ್ ಒಂದೇ ಆಗಿರುವುದಿಲ್ಲ. ಶಾಲೆಯ ಲಾಂಛನಕ್ಕೆ ನಿಗದಿತ ಬಣ್ಣವಿದ್ದರೆ ಇದನ್ನು ಮೊದಲೇ ಮಾತನಾಡಿಕೊಳ್ಳಿ.

ಪ್ರಶ್ನೆ: 3,000 ಪ್ರಮಾಣಪತ್ರಗಳ ಹಿನ್ನೆಲೆಯನ್ನು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸಿ, ಒಬ್ಬೊಬ್ಬರ ಹೆಸರನ್ನು ಡಿಜಿಟಲ್‌ನಲ್ಲಿ ಸೇರಿಸಬಹುದೇ? (ಶಿಕ್ಷಕಿಯೊಬ್ಬರು, ಹಾವೇರಿ)

ಉತ್ತರ: ಧಾರಾಳವಾಗಿ ಸೇರಿಸಬಹುದು. ಆದರೆ ಆತುರ ಮಾಡಬೇಡಿ. ಟೋನರ್ ಯಂತ್ರ ಹಾಳೆಯನ್ನು ಬಿಸಿ ರೋಲರುಗಳ ನಡುವೆ ಹಾಯಿಸುತ್ತದೆ. ಆಫ್‌ಸೆಟ್ ಶಾಯಿ ಚೆನ್ನಾಗಿ ಒಣಗಿರದಿದ್ದರೆ ಅದು ರೋಲರಿಗೆ ಅಂಟಿ ಮುಂದಿನ ಹಾಳೆಗಳನ್ನೆಲ್ಲ ಕೆಡಿಸುತ್ತದೆ. ನಡುವೆ ಕೆಲವು ದಿನಗಳ ಬಿಡುವಿರಲಿ. ಈ ಹಾಳೆಗಳು ಮತ್ತೆ ಟೋನರ್ ಯಂತ್ರಕ್ಕೆ ಹೋಗಲಿವೆ ಎಂಬುದನ್ನು ಶಾಯಿ ಆರಿಸುವ ಮೊದಲೇ ಹೇಳಿ. ಹೆಸರಿನ ಪಟ್ಟಿಯನ್ನು ಯುನಿಕೋಡ್‌ನಲ್ಲಿ ಕೊಡಿ.

ಪ್ರಶ್ನೆ: ನನ್ನ ಕವನ ಸಂಕಲನದಲ್ಲಿ ಒತ್ತಕ್ಷರಗಳು ಚದುರಿಹೋಗಿವೆ, ಮುಖಪುಟದ ಒಳಬದಿಯ ಸಣ್ಣ ಅಕ್ಷರಗಳು ಕಲಸಿಕೊಂಡಿವೆ. ತಪ್ಪು ಯಂತ್ರದ್ದೇ? (ಕವಿಯೊಬ್ಬರು, ತುಮಕೂರು)

ಉತ್ತರ: ಬಹುಮಟ್ಟಿಗೆ ತಪ್ಪು ಫೈಲಿನದು. ಪುಟವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ವ್ಯವಸ್ಥೆಯನ್ನು ಆರಿಸದಿದ್ದರೆ ಯುನಿಕೋಡ್ ಕನ್ನಡದ ಒತ್ತು ತನ್ನ ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನ ಫೈಲನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬರುತ್ತವೆ. ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಕೊಟ್ಟರೆ ಎರಡೂ ಯಂತ್ರಗಳಿಗೆ ಅದೇ ಸಾಕು.

ಎರಡನೆಯ ದೋಷ ನನ್ನ ಅನುಭವಕ್ಕೂ ಬಂದಿದೆ. ಬಹಳ ಹಿಂದೆ ನಾನೇ ಒಪ್ಪಿಗೆ ಕೊಟ್ಟ ಪುಸ್ತಕವೊಂದರಲ್ಲಿ ಅಡಿಟಿಪ್ಪಣಿಯ ‘ಧನ’ ‘ದನ’ವಾಗಿತ್ತು. ಅಕ್ಷರಗಳನ್ನು ಅಪ್ಪಟ ಕಪ್ಪಿನಲ್ಲಿಡದೆ ನಾಲ್ಕೂ ಬಣ್ಣ ಬೆರೆತ ಕಪ್ಪಿನಲ್ಲಿ ಇಟ್ಟಿದ್ದರು. ರಿಜಿಸ್ಟ್ರೇಷನ್ ಕೂದಲೆಳೆಯಷ್ಟು ಸರಿದದ್ದೇ ತಡ, ಧಕಾರದ ಕೆಳಗಿನ ಸೀಳು ಮುಚ್ಚಿಹೋಯಿತು. ದ–ಧ, ಬ–ಭ, ಡ–ಢಗಳನ್ನು ಅಷ್ಟು ಸಣ್ಣ ಸೀಳೊಂದರಿಂದ ಬೇರ್ಪಡಿಸುವ ಲಿಪಿ ನಮ್ಮದು. ಅದಕ್ಕೇ ಓದುವ ಪಠ್ಯವೆಲ್ಲ ಒಂದೇ ಕಪ್ಪು ಪ್ಲೇಟಿನಲ್ಲಿರಬೇಕು. ಗಾಢ ಹಿನ್ನೆಲೆಯ ಮೇಲೆ ಬಿಳಿಯ ಸಣ್ಣ ಅಕ್ಷರಗಳನ್ನು ಇಡಲೇಬಾರದು. ಕರಡನ್ನು ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕೊಡಬೇಡಿ. ಎರಡು ಯಂತ್ರಗಳಿರುವ ಕಡೆ ಒಂದು ಪ್ರತಿಯನ್ನು ಡಿಜಿಟಲ್‌ನಲ್ಲಿ, ನಿಮ್ಮದೇ ಕಾಗದದ ಮೇಲೆ ತೆಗೆಸಿಕೊಳ್ಳಿ. ಬಣ್ಣ ಅಷ್ಟಿಷ್ಟು ಬೇರೆಯಾದರೂ ಅಕ್ಷರದ ತಪ್ಪು ಅಲ್ಲೇ ಕಾಣುತ್ತದೆ. ಬಣ್ಣದ ಪುಟಗಳು ಆಫ್‌ಸೆಟ್‌ನಲ್ಲಾದರೆ, ಸಾಧ್ಯವಿದ್ದರೆ ಮೊದಲ ಹಾಳೆಗಳು ಬರುವಾಗ ಯಂತ್ರದ ಪಕ್ಕದಲ್ಲೇ ನಿಂತು, ಮಹಾಪ್ರಾಣಗಳಿರುವ ಸಾಲುಗಳನ್ನು ಬೆರಳಿಟ್ಟು ಓದಿದ ಮೇಲೆಯೇ ಸಹಿ ಹಾಕಿ.