ಬೆನ್ನಿಗೆ ಶಸ್ತ್ರಚಿಕಿತ್ಸೆ, ತಲೆಯಲ್ಲಿ ರಕ್ತಸ್ರಾವ

ಪ್ರಶ್ನೆ: ನಮ್ಮ ತಂದೆಯವರ ಬೆನ್ನುಹುರಿಯ ಗಡ್ಡೆ ತೆಗೆದ ಮರುದಿನ ತೀವ್ರ ತಲೆನೋವು, ವಾಂತಿ ಕಾಣಿಸಿಕೊಂಡು, ಸ್ಕ್ಯಾನ್‌ನಲ್ಲಿ ಕಿರುಮೆದುಳಿನ ರಕ್ತಸ್ರಾವ ಪತ್ತೆಯಾಯಿತು. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಅರಸೀಕೆರೆ, ಹಾಸನ ಜಿಲ್ಲೆ

ಉತ್ತರ: ಇದು ಅಪರೂಪದ, ಆದರೆ ವೈದ್ಯರಿಗೆ ಪರಿಚಿತವಾದ ತೊಡಕು. ಮೆದುಳನ್ನೂ ಬೆನ್ನುಹುರಿಯನ್ನೂ ಒಂದೇ ದ್ರವ ಸುತ್ತುವರಿದಿರುವುದರಿಂದ, ಗಡ್ಡೆ ತೆಗೆಯಲು ಹುರಿಯ ಹೊದಿಕೆಯನ್ನು ತೆರೆದಾಗ ಅಥವಾ ಆನಂತರ ಗಾಯಕ್ಕೆ ಅಳವಡಿಸಿದ ಡ್ರೈನ್ ಕೊಳವೆಯ ಮೂಲಕ ಆ ದ್ರವ ಅತಿಯಾಗಿ ಹೊರಹೋದರೆ, ತಲೆಬುರುಡೆಯೊಳಗಿನ ಒತ್ತಡ ಕುಸಿದು, ಕಿರುಮೆದುಳು ತುಸು ಕೆಳಕ್ಕೆ ಜಗ್ಗಿ, ಅದರ ಮೇಲ್ಭಾಗದ ಸಣ್ಣ ಅಭಿಧಮನಿಗಳು ಸೆಳೆತಕ್ಕೆ ಸಿಕ್ಕಿ ರಕ್ತ ಒಸರುತ್ತದೆಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಆದ್ದರಿಂದ ಇದನ್ನು ಕೈತಪ್ಪಿನ ಫಲವೆಂದು ತಕ್ಷಣ ಭಾವಿಸಬೇಕಾಗಿಲ್ಲ. ಸ್ರಾವ ಅಲ್ಪವಾಗಿದ್ದರೆ ಕೊಳವೆಯ ಹೀರುವಿಕೆಯನ್ನು ನಿಲ್ಲಿಸಿ, ರೋಗಿಯನ್ನು ನಿಗಾದಲ್ಲಿಡುವುದೇ ಬಹುತೇಕ ಸಾಕಾಗುತ್ತದೆ. ಮಂಪರು ಹೆಚ್ಚಿದರೆ, ಮಾತು ತೊದಲಿದರೆ ಕೂಡಲೇ ನರಶಸ್ತ್ರತಜ್ಞರಿಗೆ ತಿಳಿಸಿರಿ.