ಕೋಲಾರದ ಬೋರ್ ನೀರಲ್ಲಿ ಕಿಟಕಿ ಗಾಜು ಕಲೆ ಇಲ್ಲದ ಹಾಗೆ ಒರೆಸೋದು ಹೇಗೆ? ಯಾವ ಬಟ್ಟೆ ತಗೋಬೇಕು?

ಕೋಲಾರದಲ್ಲಿ ಹೊಸ ಮನೆ, ಬೋರ್ ನೀರು. ಕಿಟಕಿ ಗಾಜು ಎಷ್ಟು ಉಜ್ಜಿದರೂ ಬಿಸಿಲು ಬಿದ್ದಾಗ ಬಿಳಿ ಚುಕ್ಕೆ, ಗೆರೆ ಎದ್ದು ಕಾಣುತ್ತವೆ. ಅಂಗಡಿಯಲ್ಲಿ ಥರಾವರಿ ಮೈಕ್ರೋಫೈಬರ್ ಬಟ್ಟೆ ಇವೆ. ಯಾವುದು ತಗೋಬೇಕು, ಕಾರಿನ ಗಾಜಿಗೂ ಅದೇ ನಡೆಯುತ್ತಾ ಅಂತ ಕೇಳಿದ್ದೀರಿ. ಕೋಲಾರ, ವೇಮಗಲ್, ನರಸಾಪುರದ ಕಡೆ ಅಂಗಡಿ, ಕಚೇರಿಗಳ ಗಾಜು ಸ್ವಚ್ಛ ಮಾಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಟ್ಟೆಗೆ ದುಡ್ಡು ಹಾಕುವ ಮುಂಚೆ ನೀರು ನೋಡಿ. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿ ಹೋಗಿದೆ. ಅಷ್ಟು ಆಳದ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಬಿಡುತ್ತಾರೆ. ಅಂದರೆ ಕುಡಿಯಲು ಸರಿ ಅನಿಸಿಕೊಂಡ ನೀರೂ ಗಾಜಿನ ಮೇಲೆ ಒಣಗಿದರೆ ಪುಡಿ ಉಳಿಸಿಯೇ ಹೋಗುತ್ತದೆ. ನೀವು ನೋಡುತ್ತಿರುವ ಬಿಳಿ ಚುಕ್ಕೆ ಅದೇ. ಅದು ಕೊಳೆ ಅಲ್ಲ, ನೀವು ತೊಳೆದ ನೀರೇ ಬಿಟ್ಟು ಹೋದ ಸುಣ್ಣ. ಒಣ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮನೆಯ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ತುಂಬಾ ಜನ ಬಕೆಟ್‌ನಲ್ಲಿ ಹಿಡಿದು ಕಿಟಕಿಗೆ, ಕಾರಿಗೆ ಬಳಸುತ್ತಾರೆ. ನೀರು ವ್ಯರ್ಥ ಮಾಡಬಾರದು ಅನ್ನುವ ಮನಸ್ಸು ಒಳ್ಳೆಯದೇ. ಆದರೆ ಆ ನೀರಲ್ಲಿ ಬೋರ್ ನೀರಿಗಿಂತ ಲವಣ ಹೆಚ್ಚಿರುತ್ತದೆ. ಯಂತ್ರ ಬೇಡ ಅಂತ ಬಿಟ್ಟದ್ದೆಲ್ಲ ಅದರಲ್ಲೇ ಇರುತ್ತದಲ್ವಾ? ಅದು ನೆಲ ಒರೆಸಲು, ಬಚ್ಚಲು ತೊಳೆಯಲು ಇರಲಿ. ಗಾಜಿಗೆ ಬೇಡ.

ಗಾಜಿಗೆ ಬೇಕಾದದ್ದು ಲವಣ ಕಡಿಮೆ ಇರುವ ನೀರು. ಆರ್‌ಒದ ಕುಡಿಯುವ ನೀರು ಆಗುತ್ತದೆ. ಮಳೆ ನೀರು ಇನ್ನೂ ಒಳ್ಳೆಯದು. ಏಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು. ದೊಡ್ಡ ಕಟ್ಟಡಗಳಲ್ಲಿ ಉದ್ದ ಕೋಲಿನ ಬ್ರಷ್ ಹಿಡಿದು ಗಾಜು ತೊಳೆದು, ಒರೆಸದೆ ಹಾಗೇ ಒಣಗಲು ಬಿಡುವುದನ್ನು ನೋಡಿರಬಹುದು. ಆ ಕೋಲಿನಲ್ಲಿ ಬರುವುದು ಲವಣ ಪೂರ್ತಿ ತೆಗೆದ ನೀರು. ಅದಕ್ಕೇ ಕಲೆ ಬೀಳುವುದಿಲ್ಲ. ಮನೆಗೆ ಅಷ್ಟೆಲ್ಲ ಬೇಡ. ಮೊದಲು ತೊಳೆಯಲು ಬೋರ್ ನೀರೇ ಇರಲಿ, ಕೊನೆಯ ಸುತ್ತಿಗೆ ಮಾತ್ರ ಒಳ್ಳೆಯ ನೀರು ಬಳಸಿ. ಒಂದು ಕಿಟಕಿಗೆ ಅರ್ಧ ಚೊಂಬು ಸಾಕು.

ಇನ್ನು ದೂಳು. ನಮ್ಮ ಜಿಲ್ಲೆಯ ದೂಳು ಬರೀ ಮಣ್ಣಲ್ಲ. ಸುತ್ತ ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಇವೆ. ಗ್ರಾನೈಟ್‌ನಲ್ಲಿ ಸ್ಫಟಿಕದ ಕಣ ಇರುತ್ತದೆ, ಅದು ಗಾಜಿಗಿಂತ ಗಟ್ಟಿ. ಕೆಜಿಎಫ್ ಕಡೆಯವರಿಗೆ ಸೈನೈಡ್ ದಿಬ್ಬದ ದೂಳು ಗೊತ್ತೇ ಇದೆ. ಗಣಿ 2001ರಲ್ಲಿ ಮುಚ್ಚಿತು, ಆದರೆ ಬಂಡೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಗುಡ್ಡವಾಗಿ ಅಲ್ಲೇ ಬಿದ್ದಿದೆ. ಆಷಾಢದ ಗಾಳಿಗೆ ಅದು ಮನೆಮನೆಗೂ ಬರುತ್ತದೆ. ಇಂಥ ದೂಳು ಕೂತ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ಕೂದಲೆಳೆಯಂಥ ಗೀರು ಬೀಳುತ್ತದೆ, ಬಿದ್ದರೆ ಹೋಗುವುದಿಲ್ಲ. ಆದ್ದರಿಂದ ಮೊದಲು ಮೆತ್ತನೆಯ ಪೇಂಟ್ ಬ್ರಷ್‌ನಲ್ಲಿ ಚೌಕಟ್ಟು, ಸೊಳ್ಳೆ ಜಾಲರಿ, ಸ್ಲೈಡಿಂಗ್ ಕಿಟಕಿಯ ಹಳಿ ಕೊಡವಿ. ಆಮೇಲೆ ಗಾಜಿಗೆ ಧಾರಾಳವಾಗಿ ನೀರು ಹಾಕಿ ದೂಳು ಇಳಿಸಿ. ಅಲ್ಲಿಯವರೆಗೆ ಬಟ್ಟೆ ತಾಗಿಸಬೇಡಿ.

ಈಗ ಒರೆಸುವ ಕೆಲಸ. ಗಾಜು ಒರೆಸುವುದೇ ಕಸುಬಾದವರು ಅದನ್ನು ಒಣಗಿಸುವುದು ಬಟ್ಟೆಯಿಂದಲ್ಲ, ರಬ್ಬರ್ ವೈಪರ್‌ನಿಂದ. ಇವತ್ತು ಕಾಣುವ ಒಂದೇ ರಬ್ಬರ್ ಪಟ್ಟಿಯ ಹಗುರ ವೈಪರ್‌ಗೆ 1936ರಲ್ಲಿ ಪೇಟೆಂಟ್ ಪಡೆದವರು ಎಟ್ಟೋರೆ ಸ್ಟೆಕೋನೆ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಓಕ್‌ಲ್ಯಾಂಡ್‌ನಲ್ಲಿ ಕಿಟಕಿ ಒರೆಸುತ್ತಿದ್ದವರು. ಕೆಲಸ ಮಾಡುವ ಕೈಯೇ ಮಾಡಿದ ಉಪಕರಣ ಅದು, ಇವತ್ತಿಗೂ ಅದರ ರೂಪ ಹೆಚ್ಚು ಬದಲಾಗಿಲ್ಲ.

ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಹಾಕಿ. ನೊರೆ ಜಾಸ್ತಿ ಆದರೆ ಅದೇ ಗೆರೆ ಆಗುತ್ತದೆ. ಒದ್ದೆ ಸ್ಪಂಜಿನಿಂದ ಗಾಜು ಪೂರ್ತಿ ಉಜ್ಜಿ, ಮೂಲೆ ಬಿಡಬೇಡಿ. ನಂತರ ಮೇಲಿನ ಅಂಚಿನಲ್ಲಿ ಒಂದು ಬೆರಳಗಲ ಜಾಗವನ್ನು ಬಟ್ಟೆಯಿಂದ ಒಣಗಿಸಿ, ವೈಪರ್ ಅಲ್ಲಿಂದ ಶುರು ಮಾಡಿ. ಒಣ ಜಾಗದಿಂದ ಶುರುವಾದ ರಬ್ಬರ್ ಗೆರೆ ಬಿಡುವುದಿಲ್ಲ. ಮೇಲಿನಿಂದ ಕೆಳಗೆ ಒಂದೇ ಸಮ ಎಳೆಯಿರಿ. ಪ್ರತಿ ಸಲ ಎಳೆದ ಮೇಲೆ ರಬ್ಬರ್ ಒರೆಸಿಕೊಳ್ಳಿ. ಮುಂದಿನ ಎಳೆತ ಹಿಂದಿನದರ ಮೇಲೆ ಒಂದೆರಡು ಅಂಗುಲ ಹತ್ತಬೇಕು. ವೈಪರ್ ತುಸು ಓರೆಯಾಗಿರಲಿ, ಆಗ ನೀರು ಇನ್ನೂ ಒರೆಸದ ಕಡೆಗೇ ಇಳಿಯುತ್ತದೆ. ದೊಡ್ಡ ಶೋರೂಮ್ ಗಾಜಿನಲ್ಲಿ ಕೈ ಎತ್ತದೆ ಹಾವಿನ ನಡೆಯಲ್ಲಿ ಎಳೆಯುವುದು ಬೇರೆ ವಿದ್ಯೆ, ಅದಕ್ಕೆ ಅಭ್ಯಾಸ ಬೇಕು. ಮನೆಗೆ ನೇರ ಎಳೆತವೇ ಚೆಂದ.

ನಮ್ಮ ಮನೆಗಳಲ್ಲಿ ಕಿಟಕಿಗೆ ಸರಳು ಇರುತ್ತದೆ, ಗಾಜಿನ ತುಂಡುಗಳೂ ಸಣ್ಣವು. ವಿಡಿಯೋದಲ್ಲಿ ತೋರಿಸುವ 18 ಅಂಗುಲದ ವೈಪರ್ ತಂದರೆ ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತದೆ. 6 ಅಥವಾ 10 ಅಂಗುಲದ್ದು ತನ್ನಿ, ರಬ್ಬರ್ ಬದಲಿಸಲು ಬರುವಂಥದ್ದು. ಸ್ಪಂಜಿನ ಪಟ್ಟಿ ಇರುವ ನೆಲದ ವೈಪರ್ ಗಾಜಿಗೆ ಸರಿಹೋಗುವುದಿಲ್ಲ. ಬಿಸಿಲು ನೇರ ಬಿದ್ದ ಗಾಜಿಗೂ ಕೈ ಹಾಕಬೇಡಿ. ಎಳೆಯುವ ಮುಂಚೆಯೇ ನೀರು ಒಣಗಿ ಕಲೆ ಕೂರುತ್ತದೆ. ಪೂರ್ವದ ಕಿಟಕಿ ಸಂಜೆ, ಪಶ್ಚಿಮದ್ದು ಬೆಳಿಗ್ಗೆ ಮಾಡಿ.

ಹೀಗೆ ಮಾಡಿದರೆ ಬಟ್ಟೆಗೆ ಉಳಿಯುವುದು ಅಂಚು, ಮೂಲೆ ಮಾತ್ರ. ಆದರೂ ಬಟ್ಟೆ ಸರಿಯಿರಬೇಕು. ಒಳ್ಳೆಯ ಮೈಕ್ರೋಫೈಬರ್‌ನಲ್ಲಿ ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿದ ಎಳೆಯನ್ನು ಸೀಳಿ ಇನ್ನೂ ಸಣ್ಣ ಎಳೆ ಮಾಡಿರುತ್ತಾರೆ. ಆ ಸೀಳಿನ ಸಂದುಗಳೇ ನೀರು, ಜಿಡ್ಡು ಹಿಡಿಯುವುದು. ಚೀಟಿಯಲ್ಲಿ 80/20 ಅಥವಾ 70/30 ಅಂತ ಇದ್ದರೆ ಅದು ಈ ಮಿಶ್ರಣದ ಲೆಕ್ಕ. ಚೀಟಿ ಮೇಲೆ ನಂಬಿಕೆ ಬರದಿದ್ದರೆ ಕೈಯಲ್ಲೇ ನೋಡಿ. ಒರಟು ಬೆರಳಿಗೆ ಬಟ್ಟೆ ಸಣ್ಣಗೆ ತೊಡರಿಕೊಂಡರೆ ಎಳೆ ಸೀಳಿದೆ ಅಂತ ಅರ್ಥ. ಮೇಜಿನ ಮೇಲೆ ನಾಲ್ಕು ಹನಿ ನೀರು ಹಾಕಿ ಎಳೆದು ನೋಡಿ. ಹನಿಯನ್ನು ಮುಂದಕ್ಕೆ ತಳ್ಳಿದರೆ ಬೇಡ, ಕುಡಿದುಕೊಂಡರೆ ತಗೊಳ್ಳಿ.

ತುಂಬಾ ಜನ ದಪ್ಪ, ಮೆತ್ತಗಿನದ್ದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಗಾಜಿಗೆ ಅದು ನಿಜವಲ್ಲ. ಉದ್ದ ರೋಮದ ದಪ್ಪ ಟವೆಲ್ ಕಾರಿನ ಬಣ್ಣದ ಮೈ ಒಣಗಿಸಲು ಸರಿ. ಗಾಜಿಗೆ ಬೇಕಾದದ್ದು ರೋಮ ಇಲ್ಲದ ತೆಳು ನೇಯ್ಗೆ, 250ರಿಂದ 350 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ) ಒಳಗಿನದ್ದು. ಸಣ್ಣ ಸಣ್ಣ ಚೌಕದ ಗುಳಿ ಇರುವ ವಾಫಲ್ ನೇಯ್ಗೆಯೂ ಚೆನ್ನಾಗಿ ನೀರು ಹಿಡಿಯುತ್ತದೆ. ಇದ್ಯಾವುದೂ ಸಿಗದಿದ್ದರೆ, ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆ ನನ್ನ ಆಯ್ಕೆ. ಅದರಲ್ಲಿ ನೂಲು ಉದುರುವುದಿಲ್ಲ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಬಿಳಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿಗೆ ಹತ್ತುತ್ತದೆ.

ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದರೆ ತಿರುಗಿಸಿ. ಹೊಸದನ್ನು ಒಮ್ಮೆ ಒಗೆದೇ ಬಳಸಿ. ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ನೂಲೆಲ್ಲ ಇದಕ್ಕೆ ಅಂಟುತ್ತದೆ. ಪರಿಮಳದ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳ ಮೇಲೆ ಪದರ ಕೂತು ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಬೋರ್ ನೀರಿಗೆ ಬಟ್ಟೆ ಗಡುಸಾಗಿದ್ದರೆ, ಕೊನೆಯಲ್ಲಿ ಜಾಲಿಸುವ ನೀರಿಗೆ ಒಂದಿಷ್ಟು ಬಿಳಿ ವಿನೆಗರ್ ಬೆರೆಸಿ. ಒಣಗಲು ಕಾಂಪೌಂಡ್ ಗೋಡೆ ಮೇಲೆ ಹಾಕಬೇಡಿ, ಅಲ್ಲಿನ ದೂಳೇ ಮತ್ತೆ ಗಾಜಿಗೆ ಬರುತ್ತದೆ.

ಕಾರಿಗೆ ಅದೇ ಥರದ ಬಟ್ಟೆ ಆಗುತ್ತದೆ, ಆದರೆ ಅದೇ ಬಟ್ಟೆ ಬೇಡ. ಬಣ್ಣ ಬೇರೆ ಬೇರೆ ಇಟ್ಟುಕೊಳ್ಳಿ: ಗಾಜಿಗೊಂದು, ಮೈಗೊಂದು, ಚಕ್ರಕ್ಕೊಂದು. ಕಾರಿನ ಮೈಗೆ ಹಚ್ಚಿದ ಮೇಣ ಗಾಜಿಗೆ ಬಂದರೆ ರಾತ್ರಿ ಎದುರು ಲೈಟಿಗೆ ದಾರಿ ಮಸುಕಾಗುತ್ತದೆ. ಒಳಗಿನ ಗಾಜಿನ ಮಬ್ಬು ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಎದ್ದ ಆವಿಯ ಜಿಡ್ಡು, ಅದಕ್ಕೆ ಬರೀ ನೀರು ಸಾಲದು. ಗಾಜಿನ ಕ್ಲೀನರ್ ಬೇಕು, ಗಾಜಿಗೆ ಫಿಲ್ಮ್ ಇದ್ದರೆ ಅಮೋನಿಯಾ ಇಲ್ಲದ್ದು. ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ ಒರೆಸಿ. ಗೆರೆ ಉಳಿದರೆ ಯಾವ ಬದಿಯದು ಅಂತ ತಕ್ಷಣ ಗೊತ್ತಾಗುತ್ತದೆ.

ಈಗಾಗಲೇ ಕೂತಿರುವ ಬಿಳಿ ಕಲೆಗೆ ಟಿಶ್ಯೂ ಕಾಗದವನ್ನು ಬಿಳಿ ವಿನೆಗರ್‌ನಲ್ಲಿ ನೆನೆಸಿ, ಕಲೆ ಮೇಲೆ ಹತ್ತು ಹದಿನೈದು ನಿಮಿಷ ಅಂಟಿಸಿಡಿ, ಆಮೇಲೆ ಒಳ್ಳೆಯ ನೀರಲ್ಲಿ ತೊಳೆಯಿರಿ. ಕೆಳಗೆ ಮಾರ್ಬಲ್ ಇದ್ದರೆ ಮುಚ್ಚಿಕೊಳ್ಳಿ, ವಿನೆಗರ್ ಅದನ್ನು ತಿನ್ನುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಖಂಡಿತ ಬೇಡ. ಅಲ್ಯೂಮಿನಿಯಂ ಹಾಳಾಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲವೇ ಬರುತ್ತದೆ. ಎರಡು ಮೂರು ಸಲ ವಿನೆಗರ್ ಹಾಕಿದರೂ ಕಲೆ ಜಗ್ಗದಿದ್ದರೆ ಗಾಜಿನ ಮೈಯೇ ಸವೆದಿರಬಹುದು. ಆಗ ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡಿಸಬೇಕು, ಅದು ಗೊತ್ತಿದ್ದವರ ಕೈಗೆ ಕೊಡಿ. ಹೊಸ ಮನೆ ಅಂದಿರಿ, ಸಿಮೆಂಟ್, ಪೇಂಟ್ ಚುಕ್ಕೆಗಳೂ ಇರಬಹುದು. ಅವನ್ನು ಚೆನ್ನಾಗಿ ನೆನೆಸಿ. ಮೊಂಡು ಚಾಕು, ಸ್ಟೀಲ್ ಸ್ಕ್ರಬ್ಬರ್ ಹಾಕಬೇಡಿ. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಬ್ಲೇಡನ್ನೂ ತಾಗಿಸುವ ಮುಂಚೆ ಗಾಜು ಹಾಕಿದವರನ್ನು ಒಂದು ಮಾತು ಕೇಳಿ.